ಕತ್ತರಿಸಿಕೊಂಡು ಬಲಿಯುವ ಕಿಣ್ವ

ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯಲ್ಲಿ ಊಟವೆಂದರೆ ಮೊದಲು ಜೋಳದ ರೊಟ್ಟಿ. ಪುಂಡಿಪಲ್ಯ, ಎಣ್ಣೆಗಾಯಿ, ಶೇಂಗಾ ಹಿಂಡಿ ಎಷ್ಟೇ ಇರಲಿ, ಹೊಟ್ಟೆ ತುಂಬಿಸುವುದು ರೊಟ್ಟಿಯಲ್ಲಿರುವ ಪಿಷ್ಟ. ಪಿಷ್ಟವೆಂದರೆ ಗ್ಲೂಕೋಸ್ ಅಣುಗಳ ಉದ್ದನೆಯ ಸರಪಳಿ. ಬಾಯಿಯ ಜೊಲ್ಲಿನಿಂದ ಹಿಡಿದು ಸಣ್ಣಕರುಳಿನವರೆಗೆ ಇರುವ ಕಿಣ್ವಗಳು ಆ ಸರಪಳಿಯನ್ನು ಬಿಡಿ ಗ್ಲೂಕೋಸ್ ಆಗುವವರೆಗೆ ಒಡೆದು ರಕ್ತಕ್ಕೆ ಬಿಡುತ್ತವೆ. ತಕ್ಷಣಕ್ಕೆ ಬೇಡವಾದ ಗ್ಲೂಕೋಸನ್ನು ಯಕೃತ್ತು ಮತ್ತು ಸ್ನಾಯುಗಳು ಮತ್ತೆ ಸರಪಳಿಯಾಗಿ ಜೋಡಿಸಿ ಕೂಡಿಟ್ಟುಕೊಳ್ಳುತ್ತವೆ. ಪ್ರಾಣಿದೇಹದ ಈ ಪಿಷ್ಟದ ಹೆಸರು ಗ್ಲೈಕೋಜನ್.

ಹೊಲದಲ್ಲಿ ಹತ್ತಿ ಬಿಡಿಸುವಾಗ, ಶಹಾಪುರದ ಗುಡ್ಡ ಹತ್ತುವಾಗ ಸ್ನಾಯುಗಳು ಈ ದಾಸ್ತಾನನ್ನೇ ಕರಗಿಸುತ್ತವೆ. ಕರಗಿಸುವ ಕೆಲಸ ಬಹುಪಾಲು ನಡೆಯುವುದು ಜೀವಕೋಶದ ಒಳದ್ರವದಲ್ಲಿ. ಆದರೆ ಗ್ಲೈಕೋಜನ್‌ನ ಒಂದು ಸಣ್ಣ ಪಾಲು ಲೈಸೋಸೋಮ್ ಎಂಬ ಪುಟ್ಟ ಚೀಲದೊಳಗೆ ಸೇರುತ್ತದೆ. ಅಲ್ಲಿ ಅದನ್ನು ಒಡೆಯಲು ಇರುವುದು ಒಂದೇ ಒಂದು ಕಿಣ್ವ, ಆಸಿಡ್ ಆಲ್ಫಾ-ಗ್ಲೂಕೋಸಿಡೇಸ್. ಅದು ಕೈಕೊಟ್ಟರೆ ಆ ಜಾಗಕ್ಕೆ ಬೇರೆ ಯಾವುದೂ ಬರುವುದಿಲ್ಲ. ಚೀಲದೊಳಗೆ ಗ್ಲೈಕೋಜನ್ ತುಂಬುತ್ತಲೇ ಹೋಗುತ್ತದೆ. ಚೀಲ ಉಬ್ಬಿ ಒಡೆಯುತ್ತದೆ, ಸ್ನಾಯುವಿನ ಎಳೆ ಹಾಳಾಗುತ್ತದೆ.

ಈ ಕಿಣ್ವದ ವಿಶೇಷವೆಂದರೆ ಹುಟ್ಟುವಾಗ ಅದು ಪೂರ್ತಿ ತಯಾರಾಗಿರುವುದಿಲ್ಲ. ಜೀವಕೋಶದೊಳಗೆ ಒಂದು ದಾರಿ ಹಿಡಿದು ಸಾಗುತ್ತ, ಮೈಮೇಲೆ ಸಕ್ಕರೆ ಹೊದ್ದು, ವಿಳಾಸ ಪಡೆದು, ಕೊನೆಗೆ ನಾಲ್ಕಾರು ಕಡೆ ಕತ್ತರಿ ಬಿದ್ದು ಬಲಿಯುತ್ತದೆ. ಈ ದಾರಿಯ ಯಾವ ನಿಲ್ದಾಣದಲ್ಲಿ ಎಡವಿದರೂ ಕಾಯಿಲೆ ಬರಬಹುದು. ಔಷಧ ತಯಾರಿಸುವವರೂ ಇದೇ ದಾರಿ ಹಿಡಿಯಬೇಕಾಗಿದೆ.

ದಪ್ಪ ಹೃದಯದ ಕೂಸು

1930ರ ಡಿಸೆಂಬರ್‌ನಲ್ಲಿ ನೆದರ್‌ಲೆಂಡ್ಸ್‌ನ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಯೋಹಾನ್ನೆಸ್ ಕಾಸಿಯಾನುಸ್ ಪಾಂಪೆ ಎಂಬ ರೋಗಶಾಸ್ತ್ರಜ್ಞ ಏಳು ತಿಂಗಳ ಒಂದು ಹೆಣ್ಣುಕೂಸಿನ ಮರಣೋತ್ತರ ಪರೀಕ್ಷೆ ಮಾಡಿದ. ನ್ಯುಮೋನಿಯಾದಿಂದ ಸತ್ತಿತೆಂದು ಭಾವಿಸಲಾಗಿದ್ದ ಆ ಕೂಸಿನ ಹೃದಯ ವಯಸ್ಸಿಗೆ ಮೀರಿ ದಪ್ಪವಾಗಿತ್ತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹೃದಯದ ಸ್ನಾಯು ಬಲೆಯಂತೆ ತೂತುತೂತು. ಆ ತೂತುಗಳಲ್ಲಿ ತುಂಬಿದ್ದದ್ದು ಗ್ಲೈಕೋಜನ್. 1932ರಲ್ಲಿ ಪಾಂಪೆ ಇದನ್ನು ಪ್ರಕಟಿಸಿದ. ಎರಡನೇ ಮಹಾಯುದ್ಧದಲ್ಲಿ ಅವನು ನಾಜಿಗಳ ವಿರುದ್ಧದ ಭೂಗತ ಹೋರಾಟಕ್ಕೆ ಸೇರಿದ. ಪ್ರಯೋಗಾಲಯದಲ್ಲಿ ರೇಡಿಯೋ ಪ್ರೇಷಕ ಅಡಗಿಸಿಟ್ಟದ್ದು ಪತ್ತೆಯಾಗಿ ಬಂಧನಕ್ಕೊಳಗಾದ. ಯುದ್ಧ ಮುಗಿಯಲು ಕೆಲವೇ ವಾರ ಇರುವಾಗ, 1945ರ ಏಪ್ರಿಲ್ 15ರಂದು ಅವನನ್ನು ಗುಂಡಿಟ್ಟು ಕೊಂದರು. ಕಾಯಿಲೆಗೆ ಅವನ ಹೆಸರು ನಿಂತಿತು.

ಪಾಂಪೆ ರೋಗದ ತೀವ್ರ ರೂಪ ಶಿಶುಗಳಲ್ಲೇ ಕಾಣಿಸಿಕೊಳ್ಳುತ್ತದೆ. ಕಿಣ್ವದ ಕೆಲಸ ಶೇಕಡ 1ಕ್ಕೂ ಕಡಿಮೆಯಿದ್ದರೆ ಹುಟ್ಟಿದ ಕೆಲವೇ ತಿಂಗಳಲ್ಲಿ ಕೂಸಿನ ಮೈ ಜೋಲುತ್ತದೆ, ಹಾಲು ಚೀಪುವ ಶಕ್ತಿ ಕುಂದುತ್ತದೆ, ಮೇಲಿಂದ ಮೇಲೆ ಕಫ ಕಟ್ಟುತ್ತದೆ. ಚಿಕಿತ್ಸೆ ಸಿಗದಿದ್ದರೆ ಇಂತಹ ಕೂಸು ಒಂದು ವರ್ಷ ತುಂಬುವುದು ಅಪರೂಪ. ಕಿಣ್ವ ಅಲ್ಪಸ್ವಲ್ಪ ಕೆಲಸ ಮಾಡುತ್ತಿದ್ದರೆ ರೋಗ ತಡವಾಗಿ, ಬಾಲ್ಯದಲ್ಲೋ ನಡುವಯಸ್ಸಿನಲ್ಲೋ ಮುಖ ತೋರಿಸುತ್ತದೆ. ಅಂಥವರ ಹೃದಯ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಆದರೆ ಊಟಕ್ಕೆ ನೆಲದ ಮೇಲೆ ಕೂತವರಿಗೆ ಮಂಡಿಗೆ ಕೈ ಊರದೆ ಏಳಲಾಗುವುದಿಲ್ಲ, ಅಂಗಾತ ಮಲಗಿದರೆ ಉಸಿರು ಸಾಲುವುದಿಲ್ಲ.

ಫ್ರಿಜ್‌ನಲ್ಲಿ ಸಿಕ್ಕ ಸುಳಿವು

ಪಾಂಪೆ ಕಂಡದ್ದು ಗ್ಲೈಕೋಜನ್ ಮಾತ್ರ. ಅದು ಯಾಕೆ ಕೂಡಿಕೊಂಡಿತು ಎಂಬುದು ತಿಳಿಯಲು ಮೂವತ್ತು ವರ್ಷ ಬೇಕಾಯಿತು. ಬೆಲ್ಜಿಯಂನ ಲುವೆನ್ ವಿಶ್ವವಿದ್ಯಾಲಯದಲ್ಲಿ ಕ್ರಿಶ್ಚಿಯನ್ ಡಿ ಡ್ಯೂವ್ 1949ರ ಸುಮಾರಿಗೆ ಇಲಿಯ ಯಕೃತ್ತನ್ನು ಅರೆದು ಆಸಿಡ್ ಫಾಸ್ಫಟೇಸ್ ಎಂಬ ಕಿಣ್ವವನ್ನು ಅಳೆಯುತ್ತಿದ್ದ. ತಾಜಾ ಮಾದರಿಯಲ್ಲಿ ಕಿಣ್ವ ನಿರೀಕ್ಷೆಗಿಂತ ತೀರ ಕಡಿಮೆ. ಅದೇ ಮಾದರಿಯನ್ನು ಕೆಲವು ದಿನ ಫ್ರಿಜ್‌ನಲ್ಲಿಟ್ಟು ಮತ್ತೆ ಅಳೆದರೆ ಹಲವು ಪಟ್ಟು ಹೆಚ್ಚು! ಕಿಣ್ವ ಮೊದಲಿಂದಲೂ ಅಲ್ಲೇ ಇತ್ತು. ಒಂದು ಪೊರೆಯೊಳಗೆ ಮುಚ್ಚಿಟ್ಟಿದ್ದರಿಂದ ಲೆಕ್ಕಕ್ಕೆ ಸಿಕ್ಕಿರಲಿಲ್ಲ. ದಿನ ಕಳೆದಂತೆ ಪೊರೆ ಹರಿದು ಹೊರಬಂದಿತ್ತು. 1955ರಲ್ಲಿ ಡಿ ಡ್ಯೂವ್ ಆ ಚೀಲಕ್ಕೆ ಲೈಸೋಸೋಮ್ ಎಂದು ಹೆಸರಿಟ್ಟ. 1974ರಲ್ಲಿ ಅವನಿಗೆ ನೊಬೆಲ್ ಪ್ರಶಸ್ತಿಯ ಪಾಲು ಬಂತು.

ಈ ಚೀಲದೊಳಗಿನ ದ್ರವ ಹುಳಿ. ಜೀವಕೋಶದ ಉಳಿದ ಭಾಗದಲ್ಲಿ ಪಿಎಚ್ 7ರ ಆಸುಪಾಸಿನಲ್ಲಿದ್ದರೆ ಇಲ್ಲಿ 5ಕ್ಕೂ ಕೆಳಗೆ ಇಳಿಯುತ್ತದೆ. ಸವೆದುಹೋದ ಪ್ರೋಟೀನು, ಕೊಬ್ಬು, ಸಕ್ಕರೆಗಳನ್ನು ಒಡೆದು ಮರುಬಳಕೆಗೆ ಕಳಿಸುವ ಹತ್ತಾರು ಕಿಣ್ವಗಳು ಈ ಹುಳಿಯಲ್ಲೇ ಕೆಲಸ ಮಾಡುವಂಥವು. ಚೀಲ ಅಕಸ್ಮಾತ್ ಸೋರಿದರೂ ಹೊರಗೆ ಹುಳಿಯಿಲ್ಲದ ಕಾರಣ ಅವು ಬಹುಮಟ್ಟಿಗೆ ಸುಮ್ಮನಾಗುತ್ತವೆ.

ಡಿ ಡ್ಯೂವ್‌ನ ಸಹೋದ್ಯೋಗಿ ಹೆನ್ರಿ-ಜೆರಿ ಹೆರ್ಸ್ 1963ರಲ್ಲಿ ಎರಡು ತುದಿಗಳನ್ನು ಜೋಡಿಸಿದ. ಗ್ಲೈಕೋಜನ್ ಒಡೆಯುವ ಒಂದು ಕಿಣ್ವ ಲೈಸೋಸೋಮಿನಲ್ಲಿದೆ, ಪಾಂಪೆ ರೋಗದ ಶಿಶುಗಳಲ್ಲಿ ಅದು ಇಲ್ಲ ಎಂದು ತೋರಿಸಿದ. ಲೈಸೋಸೋಮಿನ ಒಂದು ಕಿಣ್ವದ ಕೊರತೆಯಿಂದ ರೋಗ ಬರುತ್ತದೆಂದು ಜಗತ್ತಿಗೆ ಗೊತ್ತಾದದ್ದು ಇದೇ ಮೊದಲು. ಇಂದು ಈ ಗುಂಪಿನಲ್ಲಿ ಗೋಶೆ, ಹರ್ಲರ್, ಹಂಟರ್, ಫ್ಯಾಬ್ರಿ, ಟೇ-ಸ್ಯಾಕ್ಸ್ ಸೇರಿದಂತೆ ಐವತ್ತಕ್ಕೂ ಹೆಚ್ಚು ರೋಗಗಳಿವೆ.

952 ಅಮೈನೋ ಆಮ್ಲಗಳು

ನಮ್ಮ ಕಿಣ್ವದ ಬರಹ ಇರುವುದು 17ನೇ ಕ್ರೋಮೋಸೋಮಿನ ತುದಿಯ ಹತ್ತಿರದ ಒಂದು ಜೀನ್‌ನಲ್ಲಿ. 1988ರಲ್ಲಿ ರೊಟರ್‌ಡ್ಯಾಮ್‌ನ ಎರಾಸ್ಮಸ್ ವಿಶ್ವವಿದ್ಯಾಲಯದ ಲೀಸ್ ಹೂಫ್ಸ್‌ಲೂಟ್, ಆರ್ನಾಲ್ಡ್ ರೂಸರ್ ಮತ್ತು ಸಂಗಡಿಗರು ಆ ಬರಹವನ್ನು ಪೂರ್ತಿ ಓದಿದರು. 952 ಅಮೈನೋ ಆಮ್ಲಗಳ ಒಂದೇ ಸರಪಳಿ. ಓದಿ ಮುಗಿಸಿದಾಗ ಇನ್ನೊಂದು ಸಂಗತಿ ಬೆಳಕಿಗೆ ಬಂತು. ಸಣ್ಣಕರುಳಿನ ಗೋಡೆಯಲ್ಲಿ ಕೂತು ಸಕ್ಕರೆ, ಪಿಷ್ಟಗಳ ತುಣುಕುಗಳನ್ನು ಒಡೆಯುವ ಸುಕ್ರೇಸ್-ಐಸೋಮಾಲ್ಟೇಸ್ ಕಿಣ್ವಕ್ಕೂ ಇದಕ್ಕೂ ಉದ್ದಕ್ಕೂ ಹೋಲಿಕೆಯಿತ್ತು. ರೊಟ್ಟಿಯ ಪಿಷ್ಟವನ್ನು ಅರಗಿಸುವ ಕರುಳಿನ ಕಿಣ್ವವೂ ಸ್ನಾಯುವಿನ ಆಳದಲ್ಲಿ ಗ್ಲೈಕೋಜನ್ ಅರಗಿಸುವ ಕಿಣ್ವವೂ ಒಂದೇ ಮೂಲದಿಂದ ಕವಲೊಡೆದವು. ಒಂದು ಕರುಳಿನಲ್ಲಿ ಉಳಿಯಿತು, ಇನ್ನೊಂದು ಹುಳಿಚೀಲಕ್ಕೆ ಒಗ್ಗಿಕೊಂಡಿತು.

ಪ್ರೋಟೀನು ಹೆಣೆಯುವ ರೈಬೋಸೋಮಿನಿಂದ ಸರಪಳಿ ಹೊರಬರುತ್ತಿದ್ದಂತೆ ಅದರ ಮೊದಲ 27 ಅಮೈನೋ ಆಮ್ಲಗಳು ದಾರಿ ತೋರಿಸುತ್ತವೆ. ಅವುಗಳ ಬಲದಿಂದ ಸರಪಳಿ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಪೊರೆಗಳ ಜಾಲದೊಳಗೆ ನುಸುಳುತ್ತದೆ. ನುಸುಳಿದ ಮೇಲೆ ಆ ತುದಿಯ ಕೆಲಸ ಮುಗಿಯಿತು, ಅದು ಕತ್ತರಿಸಿ ಬೀಳುತ್ತದೆ. ಇದು ಮೊದಲ ಕತ್ತರಿ.

ಜಾಲದೊಳಗೆ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಸರಪಳಿ ಮಡಚಿಕೊಂಡು ಆಕಾರ ಪಡೆಯುತ್ತದೆ. ಜೊತೆಗೆ ಏಳು ಕಡೆ ಆಸ್ಪರಜೀನ್ ಎಂಬ ಅಮೈನೋ ಆಮ್ಲಕ್ಕೆ ಸಕ್ಕರೆಯ ಕವಲುಗಳು ಕೂರುತ್ತವೆ. ಒಂದೊಂದು ಕವಲು ಆರಂಭದಲ್ಲಿ 14 ಸಕ್ಕರೆಯದು. ಅದರಲ್ಲಿ 9 ಮ್ಯಾನೋಸ್, 3 ಗ್ಲೂಕೋಸ್. ಮಡಿಕೆ ಸರಿಯಾಗಿದೆಯೇ ಎಂದು ನೋಡುವ ಪ್ರೋಟೀನುಗಳು ಈ ಗ್ಲೂಕೋಸ್‌ಗಳನ್ನು ಕಿತ್ತು, ಮತ್ತೆ ಅಂಟಿಸಿ, ಮತ್ತೆ ಕಿತ್ತು ತಪಾಸಣೆ ಮಾಡುತ್ತವೆ. ಮಡಿಕೆ ಕೆಟ್ಟ ಅಣುವಿಗೆ ಮುಂದಿನ ದಾರಿ ಬಂದ್. ಅದನ್ನು ಹೊರಗೆಳೆದು ಚೂರು ಮಾಡಲಾಗುತ್ತದೆ. ಪಾಂಪೆ ರೋಗಿಗಳ ಜೀನ್‌ನಲ್ಲಿ ಈವರೆಗೆ ನೂರಾರು ಬಗೆಯ ಬದಲಾವಣೆಗಳು ಪತ್ತೆಯಾಗಿವೆ. ಅವುಗಳಲ್ಲಿ ಹಲವು ಕಿಣ್ವದ ಬಾಯಿಯನ್ನು, ಅಂದರೆ ಗ್ಲೈಕೋಜನ್ ಒಡೆಯುವ ಜಾಗವನ್ನು, ಮುಟ್ಟುವುದೇ ಇಲ್ಲ, ಮಡಿಕೆಯನ್ನು ಮಾತ್ರ ಕೆಡಿಸುತ್ತವೆ. ಕೆಲಸ ಮಾಡಬಲ್ಲ ಅಣುವೂ ಈ ತಪಾಸಣೆಯಲ್ಲೇ ಕಳೆದುಹೋಗುತ್ತದೆ.

ವಿಳಾಸದ ಚೀಟಿ

ಇಲ್ಲಿಂದ ಕಿಣ್ವ ಗಾಲ್ಗಿ ಸಂಕೀರ್ಣಕ್ಕೆ ಹೋಗುತ್ತದೆ. ಜೀವಕೋಶ ತಯಾರಿಸುವ ಸಾವಿರಾರು ಪ್ರೋಟೀನುಗಳು ಇಲ್ಲಿ ಬಂದು ಸೇರುತ್ತವೆ. ಕೆಲವು ಹೊರಗೆ ಹೋಗಬೇಕು, ಕೆಲವು ಪೊರೆಗೆ, ಕೆಲವು ಲೈಸೋಸೋಮಿಗೆ. ಅಂಚೆ ಕಚೇರಿಯಲ್ಲಿ ಪಿನ್‌ಕೋಡ್ ನೋಡಿ ಚೀಲ ಬೇರೆ ಮಾಡುವಂತೆ ಇಲ್ಲೂ ಒಂದು ಗುರುತು ಬೇಕು. ಆ ಗುರುತು ಏನೆಂದು ಪತ್ತೆಯಾದದ್ದು ರೋಗಿಗಳ ಚರ್ಮದ ಜೀವಕೋಶಗಳಿಂದ.

ಅಮೆರಿಕದ ಎಲಿಜಬೆತ್ ನ್ಯೂಫೆಲ್ಡ್ ಮತ್ತು ಸಂಗಡಿಗರು 1968ರಲ್ಲಿ ಹರ್ಲರ್ ರೋಗಿಯ ಜೀವಕೋಶಗಳನ್ನೂ ಹಂಟರ್ ರೋಗಿಯ ಜೀವಕೋಶಗಳನ್ನೂ ಒಂದೇ ತಟ್ಟೆಯಲ್ಲಿ ಬೆಳೆಸಿದರು. ಬೇರೆಬೇರೆಯಾಗಿದ್ದಾಗ ಎರಡೂ ರೋಗಗ್ರಸ್ತ. ಒಟ್ಟಿಗಿದ್ದಾಗ ಎರಡೂ ಸುಧಾರಿಸಿದವು. ಒಂದು ಜೀವಕೋಶ ಹೊರಬಿಟ್ಟ ಕಿಣ್ವವನ್ನು ಇನ್ನೊಂದು ಎಳೆದುಕೊಂಡು ತನ್ನ ಲೈಸೋಸೋಮಿಗೆ ಸೇರಿಸಿಕೊಳ್ಳುತ್ತಿತ್ತು. ಮುಂದೆ ಐ-ಸೆಲ್ ರೋಗ ಎಂಬ ಇನ್ನೊಂದು ಕಾಯಿಲೆಯ ಜೀವಕೋಶಗಳು ವಿಚಿತ್ರವೊಂದನ್ನು ತೋರಿಸಿದವು. ಅವುಗಳಲ್ಲಿ ಹತ್ತಾರು ಲೈಸೋಸೋಮ್ ಕಿಣ್ವಗಳು ತಯಾರಾಗುತ್ತಿದ್ದವು, ಆದರೆ ಎಲ್ಲವೂ ಹೊರಗಿನ ದ್ರವಕ್ಕೆ ಸೋರಿಹೋಗುತ್ತಿದ್ದವು. ಕಿಣ್ವ ಇದೆ, ವಿಳಾಸ ಇಲ್ಲ ಎಂದು 1972ರಲ್ಲಿ ಹಿಕ್‌ಮನ್ ಮತ್ತು ನ್ಯೂಫೆಲ್ಡ್ ತರ್ಕಿಸಿದರು. 1977ರಲ್ಲಿ ಸೇಂಟ್ ಲೂಯಿಸ್‌ನ ವಿಲಿಯಂ ಸ್ಲೈ ಮತ್ತು ಸಂಗಡಿಗರು ಆ ವಿಳಾಸವನ್ನು ಓದಿದರು: ಮ್ಯಾನೋಸ್-6-ಫಾಸ್ಫೇಟ್.

ಅಂದರೆ ಕಿಣ್ವದ ಮೈಮೇಲಿನ ಮ್ಯಾನೋಸ್ ಸಕ್ಕರೆಯ ಆರನೇ ಇಂಗಾಲಕ್ಕೆ ಒಂದು ಫಾಸ್ಫೇಟ್ ಅಂಟಿರುತ್ತದೆ. ಅದನ್ನು ಅಂಟಿಸಲು ಗಾಲ್ಗಿಯಲ್ಲಿ ಎರಡು ಕಿಣ್ವಗಳು ಬೇಕು. ಮೊದಲನೆಯದು ಫಾಸ್ಫೇಟನ್ನು ಇನ್ನೊಂದು ಸಕ್ಕರೆಯ ಸಮೇತ ತಂದು ಕೂರಿಸುತ್ತದೆ. ಎರಡನೆಯದು ಮೇಲಿನ ಸಕ್ಕರೆ ತೆಗೆದು ಫಾಸ್ಫೇಟನ್ನು ಬಯಲಿಗೆ ತರುತ್ತದೆ. ಮೊದಲ ಕಿಣ್ವ ಲೈಸೋಸೋಮಿಗೆ ಹೋಗಬೇಕಾದ ಅಣುಗಳನ್ನು ಗುರುತಿಸುವುದು ಅಮೈನೋ ಆಮ್ಲಗಳ ಸಾಲನ್ನು ಓದಿಯಲ್ಲ. ಮಡಿಕೆಯಾದ ಅಣುವಿನ ಮೇಲ್ಮೈಯ ಆಕಾರವನ್ನು ನೋಡಿ. ಹಿಂದಿನ ನಿಲ್ದಾಣದಲ್ಲಿ ಮಡಿಕೆ ಕೆಟ್ಟರೆ ಇಲ್ಲಿ ವಿಳಾಸವೂ ತಪ್ಪುತ್ತದೆ. ಐ-ಸೆಲ್ ರೋಗಿಗಳಲ್ಲಿ ಕೆಟ್ಟಿರುವುದು ಈ ಮೊದಲ ಕಿಣ್ವವೇ.

ಫಾಸ್ಫೇಟ್ ಹೊತ್ತ ಅಣುವನ್ನು ಹಿಡಿಯಲು ಎರಡು ಗ್ರಾಹಕ ಪ್ರೋಟೀನುಗಳಿವೆ. ಒಂದು ಸುಮಾರು 300 ಕಿಲೋಡಾಲ್ಟನ್ ತೂಕದ ದೊಡ್ಡದು, ಇನ್ನೊಂದು 46 ಕಿಲೋಡಾಲ್ಟನ್‌ನ ಸಣ್ಣದು. ಇವು ಕಿಣ್ವವನ್ನು ಹಿಡಿದು ಹುಳಿಯೇರುವ ಕಡೆಗೆ ಸಾಗಿಸುತ್ತವೆ. ಪಿಎಚ್ 6ಕ್ಕೂ ಕೆಳಗಿಳಿಯುತ್ತಿದ್ದಂತೆ ಹಿಡಿತ ಸಡಿಲಿ ಕಿಣ್ವ ಬಿಡುಗಡೆಯಾಗುತ್ತದೆ, ಗ್ರಾಹಕ ಮುಂದಿನ ಸರಕಿಗೆ ಹಿಂದಿರುಗುತ್ತದೆ. ಈ ವ್ಯವಸ್ಥೆ ಎಷ್ಟು ಹಳೆಯದೆಂಬುದನ್ನು ಹೈದರಾಬಾದ್ ವಿಶ್ವವಿದ್ಯಾಲಯದ ನಡಿಂಪಲ್ಲಿ ಶಿವಕುಮಾರ್ ಅವರ ಪ್ರಯೋಗಾಲಯ ವರ್ಷಗಟ್ಟಲೆ ಹುಡುಕಿದೆ. ಕೋಳಿ, ಮೀನುಗಳಲ್ಲಿ ಮಾತ್ರವಲ್ಲ, ಬೆನ್ನುಮೂಳೆಯಿಲ್ಲದ ನಕ್ಷತ್ರಮೀನಿನಲ್ಲೂ ಇಂತಹ ಗ್ರಾಹಕಗಳಿವೆ.

ದೊಡ್ಡ ಗ್ರಾಹಕದ ಒಂದಿಷ್ಟು ಪಾಲು ಜೀವಕೋಶದ ಹೊರಮೈಯಲ್ಲೂ ಇರುತ್ತದೆ. ಹೊರಗೆ ಅಲೆಯುವ, ಫಾಸ್ಫೇಟ್ ಇರುವ ಕಿಣ್ವವನ್ನು ಅದು ಒಳಗೆಳೆದುಕೊಳ್ಳುತ್ತದೆ. ನ್ಯೂಫೆಲ್ಡ್ ಅವರ ತಟ್ಟೆಯಲ್ಲಿ ಜೀವಕೋಶಗಳು ಒಂದಕ್ಕೊಂದು ನೆರವಾದದ್ದು ಈ ದಾರಿಯಿಂದ. ಇಂದು ಚಿಕಿತ್ಸೆ ಒಳನುಗ್ಗುವುದೂ ಇದೇ ಬಾಗಿಲಲ್ಲಿ.

ಕೊನೆಯ ಕತ್ತರಿಗಳು

1980ರಲ್ಲಿ ಆಂದ್ರೆಯ್ ಹಾಸಿಲಿಕ್ ಮತ್ತು ನ್ಯೂಫೆಲ್ಡ್ ಚರ್ಮದ ಜೀವಕೋಶಗಳಿಗೆ ಸ್ವಲ್ಪ ಹೊತ್ತು ವಿಕಿರಣಶೀಲ ಅಮೈನೋ ಆಮ್ಲ ಉಣಿಸಿದರು. ಆ ಹೊತ್ತಿನಲ್ಲಿ ಹುಟ್ಟಿದ ಕಿಣ್ವಗಳಿಗಷ್ಟೇ ವಿಕಿರಣದ ಗುರುತು ಬೀಳುತ್ತದೆ. ಆಮೇಲೆ ಬೇರೆಬೇರೆ ಹೊತ್ತಿಗೆ ಜೀವಕೋಶಗಳನ್ನು ಒಡೆದು, ಕಿಣ್ವವನ್ನು ಬೇರ್ಪಡಿಸಿ, ಜೆಲ್‌ನಲ್ಲಿ ಓಡಿಸಿ ಎಕ್ಸ್‌ರೇ ಫಿಲ್ಮಿನ ಮೇಲೆ ಇಟ್ಟರು. ಮೊದಲ ಫಿಲ್ಮಿನಲ್ಲಿ ಕಪ್ಪುಗೆರೆ ಮೇಲೆಯೇ, ಅಂದರೆ ಅಣು ದೊಡ್ಡದು. ಹೊತ್ತು ಕಳೆದಂತೆ ಗೆರೆ ಕೆಳಗಿಳಿಯುತ್ತ ಹೋಯಿತು. ಲೈಸೋಸೋಮಿನ ಕಿಣ್ವಗಳು ದೊಡ್ಡದಾಗಿ ಹುಟ್ಟಿ ಆಮೇಲೆ ಸಣ್ಣದಾಗುತ್ತವೆ ಎಂದು ಆ ಗೆರೆಗಳೇ ಹೇಳಿದವು.

ನಮ್ಮ ಕಿಣ್ವದ ಲೆಕ್ಕ ಹೀಗಿದೆ. ಸಕ್ಕರೆ ಹೊದ್ದ ಹೊಸ ಅಣುವಿನ ತೂಕ ಸುಮಾರು 110 ಕಿಲೋಡಾಲ್ಟನ್. ಹುಳಿಯೇರುವ ದಾರಿಯಲ್ಲಿ ಅದು 95ಕ್ಕಿಳಿಯುತ್ತದೆ. ಲೈಸೋಸೋಮಿನೊಳಗೆ ಇನ್ನಷ್ಟು ಕಡೆ ಕತ್ತರಿ ಬಿದ್ದು 76, ಕೊನೆಗೆ 70 ಕಿಲೋಡಾಲ್ಟನ್‌ನ ಬಲಿತ ರೂಪ ಬರುತ್ತದೆ. ಕತ್ತರಿಸಿದ ತುಂಡುಗಳು ಕಳಚಿ ಬಿದ್ದುಹೋಗುತ್ತವೆ ಎಂದು ಬಹುಕಾಲ ನಂಬಲಾಗಿತ್ತು. 2005ರಲ್ಲಿ ಪ್ರಕಟವಾದ ಸಂಶೋಧನೆ ಇದನ್ನು ತಿದ್ದಿತು. ಸುಮಾರು 19.4, 10.4 ಮತ್ತು 3.9 ಕಿಲೋಡಾಲ್ಟನ್‌ನ ಮೂರು ತುಂಡುಗಳು 70ರ ದೊಡ್ಡ ತುಂಡಿಗೆ ಬಿಗಿಯಾಗಿ ಅಂಟಿಕೊಂಡೇ ಉಳಿಯುತ್ತವೆ. ಒಂದೇ ಸರಪಳಿಯಾಗಿ ಹುಟ್ಟಿದ ಕಿಣ್ವ ನಾಲ್ಕು ತುಂಡಾಗಿಯೂ ಒಂದಾಗಿ ನಿಲ್ಲುತ್ತದೆ.

ಇಷ್ಟು ಕತ್ತರಿಸುವುದರಿಂದ ಲಾಭವೇನು? ಸಣ್ಣ ಸಕ್ಕರೆಗಳನ್ನು ಒಡೆಯುವುದರಲ್ಲಿ ಎಳೆಯ ರೂಪಕ್ಕೂ ಬಲಿತ ರೂಪಕ್ಕೂ ಅಂತಹ ವ್ಯತ್ಯಾಸವಿಲ್ಲ. ಗ್ಲೈಕೋಜನ್‌ನಂತಹ ದೈತ್ಯ ಅಣುವಿನ ವಿಷಯದಲ್ಲಿ ಮಾತ್ರ ವ್ಯತ್ಯಾಸ ದೊಡ್ಡದು. ಬಲಿತ ಕಿಣ್ವ ಗ್ಲೈಕೋಜನನ್ನು 7ರಿಂದ 10 ಪಟ್ಟು ಬಿಗಿಯಾಗಿ ಹಿಡಿಯುತ್ತದೆ.

2017ರಲ್ಲಿ ಫ್ರಾನ್ಸ್ ಮತ್ತು ಇಟಲಿಯ ಸಂಶೋಧಕರು ಈ ಕಿಣ್ವದ ಹರಳಿಗೆ ಎಕ್ಸ್‌ರೇ ಹಾಯಿಸಿ 1.9 ಆಂಗ್‌ಸ್ಟ್ರಾಮ್ ಸ್ಪಷ್ಟತೆಯ ಚಿತ್ರ ಪಡೆದರು. ಒಂದು ಮೀಟರನ್ನು ಸಾವಿರ ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ಆಂಗ್‌ಸ್ಟ್ರಾಮ್. ಕಿಣ್ವದ ನಡುವೆ ಎಂಟು ಪಟ್ಟಿಗಳು ದುಂಡಗೆ ನಿಂತಿವೆ, ಅವುಗಳ ಸುತ್ತ ಎಂಟು ಸುರುಳಿಗಳು. ಅದರ ಬಾಯಲ್ಲಿ ಕಿರಿದಾದ ಒಂದು ಕುಳಿ. ಸರಪಳಿಯಲ್ಲಿ 518ನೆಯ ಮತ್ತು 616ನೆಯ ಸ್ಥಾನದ ಎರಡು ಆಸ್ಪಾರ್ಟಿಕ್ ಆಮ್ಲಗಳು ಮಡಿಕೆಯ ದೆಸೆಯಿಂದ ಈ ಕುಳಿಯಲ್ಲಿ ಎದುರುಬದುರಾಗುತ್ತವೆ. 616 ಒಂದು ಪ್ರೋಟಾನ್ ಕೊಟ್ಟು ಕೊಂಡಿಯನ್ನು ಸಡಿಲಿಸುತ್ತದೆ, 518 ಗ್ಲೂಕೋಸನ್ನು ಹಿಡಿದುಕೊಳ್ಳುತ್ತದೆ, ನೀರಿನ ಅಣುವೊಂದು ಬಂದು ಅದನ್ನು ಬಿಡಿಸುತ್ತದೆ. ಕುಳಿ ಕಿರಿದಾದ್ದರಿಂದ ಸರಪಳಿಯ ತುದಿ ಮಾತ್ರ ಒಳಹೋಗಬಲ್ಲುದು. ಹೀಗೆ ತುದಿಯಿಂದ ಒಂದೊಂದೇ ಗ್ಲೂಕೋಸ್ ಬಿಡುಗಡೆಯಾಗುತ್ತದೆ.

ಸೀಸೆಯಲ್ಲಿ ಅರ್ಧ ಕಿಣ್ವ

ಕಿಣ್ವ ಇಲ್ಲದವರಿಗೆ ಕಿಣ್ವವನ್ನೇ ಕೊಟ್ಟರಾಯಿತು ಎಂಬ ಯೋಚನೆ 1960ರ ದಶಕದಲ್ಲೇ ಬಂದಿತ್ತು. ಆಸ್ಪರ್‌ಜಿಲಸ್ ನೈಗರ್ ಎಂಬ ಬೂಷ್ಟಿನಿಂದ ತೆಗೆದ ಇದೇ ಬಗೆಯ ಕಿಣ್ವವನ್ನು ರೋಗಿಗಳಿಗೆ ಚುಚ್ಚಿದರು. ಮಕ್ಕಳು ಉಳಿಯಲಿಲ್ಲ. ಬೂಷ್ಟಿನ ಕಿಣ್ವಕ್ಕೆ ಗ್ಲೈಕೋಜನ್ ಒಡೆಯುವುದು ಗೊತ್ತಿತ್ತು, ಮೈಮೇಲೆ ಮ್ಯಾನೋಸ್-6-ಫಾಸ್ಫೇಟ್ ಇರಲಿಲ್ಲ. ಸ್ನಾಯುವಿಗೆ ಹೋಗಬೇಕಾದದ್ದು ಹೋಗಲೇ ಇಲ್ಲ.

ವಿಳಾಸ ತಿಳಿದ ಮೇಲೆ ದಾರಿ ಬದಲಾಯಿತು. 1999ರಲ್ಲಿ ರೊಟರ್‌ಡ್ಯಾಮ್‌ನಲ್ಲಿ, ಮನುಷ್ಯರ ಜೀನ್ ಸೇರಿಸಿದ ಮೊಲಗಳ ಹಾಲಿನಿಂದ ತೆಗೆದ ಕಿಣ್ವವನ್ನು ನಾಲ್ಕು ಶಿಶುಗಳಿಗೆ ಕೊಡಲಾಯಿತು. ಅವರ ಹೃದಯದ ದಪ್ಪ ಇಳಿಯಿತು. ಮುಂದೆ ಚೈನೀಸ್ ಹ್ಯಾಮ್‌ಸ್ಟರ್‌ನ ಅಂಡಾಶಯದ ಜೀವಕೋಶಗಳಲ್ಲಿ ಕಿಣ್ವ ತಯಾರಿಸುವ ವಿಧಾನ ನೆಲೆಗೊಂಡಿತು. 2006ರಲ್ಲಿ ಆ ಔಷಧಕ್ಕೆ ಅಮೆರಿಕ ಮತ್ತು ಯುರೋಪಿನಲ್ಲಿ ಅನುಮತಿ ಸಿಕ್ಕಿತು.

ಈ ಔಷಧದ ಸೀಸೆಯಲ್ಲಿರುವುದು 110 ಕಿಲೋಡಾಲ್ಟನ್‌ನ ಎಳೆಯ ರೂಪ. ರಕ್ತನಾಳದ ಮೂಲಕ ಹೋಗಿ, ಸ್ನಾಯುವಿನ ಗ್ರಾಹಕಕ್ಕೆ ಸಿಕ್ಕಿ, ಲೈಸೋಸೋಮಿಗೆ ತಲುಪಿದ ಮೇಲೆ ಅದನ್ನು 76, 70ಕ್ಕೆ ಕತ್ತರಿಸಿ ಬಲಿಸುವುದು ರೋಗಿಯ ಜೀವಕೋಶವೇ. ಕಾರ್ಖಾನೆ ಅರ್ಧ ಕೆಲಸ ಮಾಡಿ ಕಳಿಸುತ್ತದೆ, ಉಳಿದರ್ಧ ಮಗುವಿನ ಮೈಯಲ್ಲೇ ಆಗುತ್ತದೆ.

ಆದರೆ ಸ್ನಾಯುವಿನ ಮೇಲೆ ಗ್ರಾಹಕಗಳು ವಿರಳ. 2006ರ ಔಷಧದ ಒಂದು ಅಣುವಿಗೆ ಸರಾಸರಿ ಒಂದು ಮ್ಯಾನೋಸ್-6-ಫಾಸ್ಫೇಟ್ ಮಾತ್ರ ಇತ್ತು. ಹಾಗಾಗಿ ಪ್ರತಿ ಕಿಲೋ ತೂಕಕ್ಕೆ 20 ಮಿಲಿಗ್ರಾಂನಂತೆ ಎರಡು ವಾರಕ್ಕೊಮ್ಮೆ, ಜೀವಮಾನವಿಡೀ ಕೊಡಬೇಕು. 10 ಕಿಲೋದ ಮಗುವಿಗೆ ಒಂದು ಸಲಕ್ಕೆ 200 ಮಿಲಿಗ್ರಾಂ, ಅಂದರೆ 50 ಮಿಲಿಗ್ರಾಂನ 4 ಸೀಸೆ. ವರ್ಷಕ್ಕೆ 104 ಸೀಸೆ. ಮಗು ಬೆಳೆದಂತೆ ಸೀಸೆಯೂ ಖರ್ಚೂ ಬೆಳೆಯುತ್ತವೆ. 2021ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಹೊಸ ಔಷಧದಲ್ಲಿ ಅಣುವಿಗೆ ಸುಮಾರು 15 ಫಾಸ್ಫೇಟ್‌ಗಳನ್ನು ಕೂರಿಸಲಾಗಿದೆ. ಕಿಣ್ವದ ಬಾಯಿ ಅದೇ. ಬದಲಿಸಿದ್ದು ವಿಳಾಸವನ್ನು.

ಔಷಧಕ್ಕೂ ಮಿತಿಗಳಿವೆ. ಸ್ವಂತ ಕಿಣ್ವದ ಸುಳಿವೇ ಇಲ್ಲದ ಮಕ್ಕಳ ದೇಹ ಚುಚ್ಚಿದ ಕಿಣ್ವವನ್ನು ಪರಕೀಯವೆಂದು ಬಗೆದು ಪ್ರತಿಕಾಯಗಳನ್ನು ಹೂಡುತ್ತದೆ. ರಕ್ತಕ್ಕೆ ಕೊಟ್ಟ ಕಿಣ್ವ ಮಿದುಳಿಗೆ ದಾಟುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಒಮ್ಮೆ ಹಾಳಾದ ಸ್ನಾಯುವಿನ ಎಳೆ ಮರಳಿ ಬರುವುದಿಲ್ಲ. ಚಿಕಿತ್ಸೆ ಎಷ್ಟು ಬೇಗ ಶುರುವಾಯಿತು ಎಂಬುದರ ಮೇಲೆ ಫಲ ನಿಂತಿದೆ. ತೈವಾನ್ 2005ರಿಂದಲೇ ನವಜಾತ ಶಿಶುಗಳಲ್ಲಿ ಪಾಂಪೆ ತಪಾಸಣೆ ಶುರುಮಾಡಿದ್ದು ಇದಕ್ಕಾಗಿ. ಈ ರೋಗಕ್ಕೆ ಮೊದಲೇ ಮಕ್ಕಳನ್ನು ಕಳೆದುಕೊಂಡಿದ್ದ ಕೆನಡಾದ ತಾಯಿಯೊಬ್ಬರ ಗರ್ಭದಲ್ಲಿದ್ದ ಕೂಸಿಗೆ ಹುಟ್ಟುವ ಮುಂಚೆಯೇ ಕಿಣ್ವ ಕೊಟ್ಟ ವರದಿ 2022ರಲ್ಲಿ ಪ್ರಕಟವಾಯಿತು.

ಯಾದಗಿರಿಯಿಂದ ನೋಡಿದರೆ

ಪಾಂಪೆ ರೋಗ ಬರಬೇಕಾದರೆ ತಂದೆ, ತಾಯಿ ಇಬ್ಬರಿಂದಲೂ ಕೆಟ್ಟ ಜೀನ್ ಬರಬೇಕು. ಒಂದೇ ಕೆಟ್ಟ ಜೀನ್ ಇರುವವರು ವಾಹಕರು, ಅವರಿಗೆ ಏನೂ ಆಗುವುದಿಲ್ಲ. ಇಬ್ಬರು ವಾಹಕರು ಮದುವೆಯಾದರೆ ಪ್ರತಿ ಬಸುರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ.

ನಮ್ಮ ಕಡೆ ಅಕ್ಕನ ಮಗಳನ್ನು ತಂದುಕೊಳ್ಳುವುದು, ಸೋದರತ್ತೆಯ ಮಗನಿಗೆ ಕೊಡುವುದು ಹೊಸದಲ್ಲ. ಕಳ್ಳುಬಳ್ಳಿ ಬಿಡಬಾರದು, ಹೊಲ ಹೊರಗೆ ಹೋಗಬಾರದು, ಹುಡುಗಿ ಕಣ್ಣೆದುರು ಇರಲಿ ಎಂಬ ಕಾರಣಗಳೂ ಹಳೆಯವೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಮದುವೆಗಳಲ್ಲಿ ಕಾಲು ಭಾಗಕ್ಕೂ ಹೆಚ್ಚು ರಕ್ತಸಂಬಂಧದಲ್ಲಿ ಆದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಅವರು ರಾಧಾ ರಮಾದೇವಿ, ಅಲನ್ ಬಿಟಲ್ಸ್ ಅವರೊಂದಿಗೆ 1987ರಲ್ಲೇ ಕರ್ನಾಟಕದಲ್ಲಿ ಒಳಸಂಬಂಧದ ಮದುವೆಗೂ ಮಕ್ಕಳ ಆನುವಂಶಿಕ ರೋಗಗಳಿಗೂ ಇರುವ ನಂಟಿನ ಬಗ್ಗೆ ಅಧ್ಯಯನ ಪ್ರಕಟಿಸಿದ್ದರು.

ಲೆಕ್ಕ ಹಾಕಿ ನೋಡಬಹುದು. ಪಾಂಪೆ ರೋಗ ಜಗತ್ತಿನಲ್ಲಿ ಸರಿಸುಮಾರು 40,000 ಜನನಕ್ಕೆ ಒಂದು ಎಂದು ಹಿಡಿಯುವುದು ವಾಡಿಕೆ. ಅಂದರೆ ಸುಮಾರು 100 ಜನರಲ್ಲಿ ಒಬ್ಬರು ವಾಹಕರು. ಇದೇ ಪ್ರಮಾಣ ನಮ್ಮಲ್ಲೂ ಇದ್ದರೆ, ಸೋದರತ್ತೆ-ಸೋದರಮಾವನ ಮಕ್ಕಳ ಮದುವೆಯಲ್ಲಿ ಹುಟ್ಟುವ ಕೂಸಿಗೆ ಅಪಾಯ ಸುಮಾರು 3,000ಕ್ಕೆ ಒಂದು. ಮಾವ ಅಕ್ಕನ ಮಗಳನ್ನೇ ಮದುವೆಯಾದರೆ ಸುಮಾರು 1,550ಕ್ಕೆ ಒಂದು, ಅಂದರೆ ಸುಮಾರು 26 ಪಟ್ಟು. ಹಾಗಿದ್ದೂ ಅಂತಹ 1,550 ಕೂಸುಗಳಲ್ಲಿ 1,549ಕ್ಕೆ ಈ ರೋಗ ಬರುವುದಿಲ್ಲ. ಪಕ್ಕದ ಮನೆಯ ಮಾವ-ಸೊಸೆಯ ಮದುವೆಯಲ್ಲಿ ಗಟ್ಟಿಮುಟ್ಟಾದ ಮಕ್ಕಳು ಹುಟ್ಟಿದ್ದಾರಲ್ಲ ಎಂದು ಜನ ಕೇಳುವುದು ಈ ಕಾರಣಕ್ಕೆ, ಅದು ಸುಳ್ಳೂ ಅಲ್ಲ. ಆದರೆ ಇದು ಒಂದು ರೋಗದ ಲೆಕ್ಕ. ಇದೇ ದಾರಿಯಲ್ಲಿ ಬರುವ ರೋಗಗಳು ನೂರಾರು. ಎಲ್ಲವನ್ನೂ ಕೂಡಿದರೆ ಅಪಾಯ ಸಣ್ಣದಲ್ಲ. ವಂಶದಲ್ಲಿ ಒಮ್ಮೆ ಇಂತಹ ಕೂಸು ಹುಟ್ಟಿದ್ದರಂತೂ ಮೇಲಿನ ಲೆಕ್ಕ ನಡೆಯುವುದಿಲ್ಲ, ಅಪಾಯ ಬಹಳ ಹೆಚ್ಚು.

ಪತ್ತೆ ಮಾಡುವುದು ಕಷ್ಟವಲ್ಲ. ಹಿಮ್ಮಡಿಯಿಂದ ತೆಗೆದ ಕೆಲವು ಹನಿ ರಕ್ತವನ್ನು ಸೋಸುಕಾಗದದ ಮೇಲೆ ಒಣಗಿಸಿ ಅಂಚೆಯಲ್ಲಿ ಕಳಿಸಿದರೂ ಸಾಕು. ಪ್ರಯೋಗಾಲಯದಲ್ಲಿ ಆ ಚುಕ್ಕೆಗೆ ಒಂದು ಕೃತಕ ಸಕ್ಕರೆ ಸೇರಿಸುತ್ತಾರೆ. ಕಿಣ್ವ ಅದನ್ನು ಒಡೆದರೆ ಅತಿನೇರಳೆ ಬೆಳಕಿನಲ್ಲಿ ನೀಲಿ ಹೊಳಪು ಬರುತ್ತದೆ. ಇಲ್ಲೊಂದು ತೊಡಕಿದೆ. ರಕ್ತದ ಬಿಳಿಕಣಗಳಲ್ಲಿ ಕರುಳಿನ ಕುಲಕ್ಕೆ ಸೇರಿದ ಇನ್ನೊಂದು ಕಿಣ್ವ ಇದ್ದು, ಅದೂ ಈ ಸಕ್ಕರೆಯನ್ನು ಒಡೆದು ಲೆಕ್ಕ ಕೆಡಿಸುತ್ತದೆ. ಅದನ್ನು ಸುಮ್ಮನಿರಿಸಲು ಅಕಾರ್ಬೋಸ್ ಹಾಕುತ್ತಾರೆ. ಸಕ್ಕರೆ ಕಾಯಿಲೆಯವರಿಗೆ ಕೊಡುವ ಮಾತ್ರೆಯೂ ಇದೇ. ಕಿಣ್ವ ಕಡಿಮೆ ಕಂಡರೆ ಜೀನ್ ಪರೀಕ್ಷೆ ಮಾಡಿ ಖಚಿತಪಡಿಸುತ್ತಾರೆ.

2019ರ ಸೆಪ್ಟೆಂಬರ್‌ನಲ್ಲಿ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 'ಉಮ್ಮೀದ್' ಎಂಬ ಯೋಜನೆ ಆರಂಭಿಸಿತು. ಹಿಂದುಳಿದಿವೆ ಎಂದು ಕೇಂದ್ರ ಗುರುತಿಸಿದ 'ಮಹತ್ವಾಕಾಂಕ್ಷಿ' ಜಿಲ್ಲೆಗಳಲ್ಲಿ ಗರ್ಭಿಣಿಯರನ್ನೂ ನವಜಾತ ಶಿಶುಗಳನ್ನೂ ಆನುವಂಶಿಕ ರೋಗಗಳಿಗಾಗಿ ತಪಾಸಣೆ ಮಾಡುವುದು ಅದರ ಒಂದು ಭಾಗ. ಅದಕ್ಕೆ ಆಯ್ದ ಜಿಲ್ಲೆಗಳಲ್ಲಿ ಯಾದಗಿರಿಯೂ ಒಂದು. 2021ರ ಅಪರೂಪದ ರೋಗಗಳ ರಾಷ್ಟ್ರೀಯ ನೀತಿಯ ಪಟ್ಟಿಯಲ್ಲಿ ಪಾಂಪೆ ರೋಗವಿದೆ. 2022ರಿಂದ ಪ್ರತಿ ರೋಗಿಗೆ 50 ಲಕ್ಷ ರೂಪಾಯಿವರೆಗೆ ನೆರವು ನೀಡಲು ಅವಕಾಶವಿದೆ. ಜೀವಮಾನವಿಡೀ ಬೇಕಾಗುವ ಔಷಧಕ್ಕೆ ಇದು ಸಾಲದು, ಹೆಚ್ಚಿನ ನೆರವಿಗಾಗಿ ಹೋರಾಟ ನ್ಯಾಯಾಲಯಗಳಲ್ಲಿ ನಡೆದೇ ಇದೆ. ನೆರವು ಸಿಗುವುದು ಗುರುತಿಸಿದ ಉತ್ಕೃಷ್ಟತಾ ಕೇಂದ್ರಗಳ ಮೂಲಕ. ಯಾದಗಿರಿಯವರಿಗೆ ಅಂಥವು ಎರಡು ದಿಕ್ಕಿನಲ್ಲಿವೆ. ಬೆಂಗಳೂರಿನಲ್ಲಿ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯ ಜೊತೆಗೂಡಿ ಕೆಲಸ ಮಾಡುವ ಮಾನವ ತಳಿಶಾಸ್ತ್ರ ಕೇಂದ್ರ, ಹೈದರಾಬಾದಿನಲ್ಲಿ ನಿಜಾಮ್ಸ್ ಆಸ್ಪತ್ರೆಯ ಜೊತೆಗೂಡಿದ ಡಿಎನ್‌ಎ ಬೆರಳಚ್ಚು ಮತ್ತು ರೋಗನಿರ್ಣಯ ಕೇಂದ್ರ (ಸಿಡಿಎಫ್‌ಡಿ). ಬೆಂಗಳೂರು ಸುಮಾರು 500 ಕಿಲೋಮೀಟರ್, ಹೈದರಾಬಾದ್ ಅದರ ಅರ್ಧಕ್ಕೂ ಕಡಿಮೆ.

ಬೆಂಗಳೂರಿನ ಅಪರೂಪದ ರೋಗಗಳ ಸಂಘಟನೆಯ ಸಹಸ್ಥಾಪಕ ಪ್ರಸನ್ನ ಶಿರೋಳ ಅವರ ಮಗಳಿಗೆ ಪಾಂಪೆ ರೋಗವೆಂದು ತಿಳಿಯುವ ಹೊತ್ತಿಗೆ ಆಕೆಗೆ ಏಳು ವರ್ಷ. ಆ ಅನುಭವದಿಂದಲೇ ಸಂಘಟನೆ ಹುಟ್ಟಿತು. ಜಗತ್ತಿನ ಸುಮಾರು 7,000 ಅಪರೂಪದ ರೋಗಗಳ ನೆನಪಿಗೆ ಅದು ಪ್ರತಿವರ್ಷ 7 ಕಿಲೋಮೀಟರ್ ಓಟ ನಡೆಸುತ್ತದೆ.

ಓದುಗರಿಗೆ ಹೇಳುವುದಿಷ್ಟು. ನಿಮ್ಮ ಮನೆಯಲ್ಲೋ ಓಣಿಯಲ್ಲೋ ನಾಲ್ಕೈದು ತಿಂಗಳಾದರೂ ಕೂಸಿನ ಗೋಣು ನಿಂತಿಲ್ಲ, ಮೈ ಮೆತ್ತಗಿದೆ, ಹಾಲು ಕುಡಿಯುವಾಗ ಬೆವರುತ್ತದೆ ಎಂದರೆ ತಾಯಿತ ಕಟ್ಟಿ ಕಾಯಬೇಡಿ. ಎದೆಯ ಎಕ್ಸ್‌ರೇಯಲ್ಲಿ ಹೃದಯ ದೊಡ್ಡದಾಗಿ ಕಂಡರೆ ಪಾಂಪೆ ಕಿಣ್ವದ ಪರೀಕ್ಷೆ ಮಾಡಿಸಬಹುದೇ ಎಂದು ಡಾಕ್ಟರನ್ನು ನೇರವಾಗಿ ಕೇಳಿ. ಇಂತಹ ಕೂಸನ್ನು ಕಳೆದುಕೊಂಡ ಮನೆಯವರು ಆ ಕೂಸಿನ ಪರೀಕ್ಷೆಯ ಕಾಗದಗಳನ್ನು ಎಸೆಯಬೇಡಿ. ಯಾವ ಬದಲಾವಣೆ ಎಂದು ಗೊತ್ತಿದ್ದರೆ ಮುಂದಿನ ಬಸುರಿನ ಮೊದಲ ಮೂರು ತಿಂಗಳಲ್ಲೇ ಪರೀಕ್ಷೆ ಸಾಧ್ಯ. ಅದೇ ವಂಶದಲ್ಲಿ ಮತ್ತೆ ಹೆಣ್ಣು ಕೊಟ್ಟು ತರುವ ಮಾತು ಬಂದರೆ, ನಿಶ್ಚಯಕ್ಕೆ ಮುಂಚೆ ಹುಡುಗ, ಹುಡುಗಿ ಇಬ್ಬರಿಗೂ ವಾಹಕ ಪರೀಕ್ಷೆ ಮಾಡಿಸಿ.